ಟಾರ್ಡಿಸ್‌ನ ಲೋಕದಲ್ಲಿ ರೇಡಿಯೋ ಹುಡುಕಿದ್ದು: ನನ್ನ ಅನುಭವ

‘ಡಾಕ್ಟರ್ ಹೂ’ ಬ್ರಿಟನ್ನಿನ ಟಿವಿ ಧಾರಾವಾಹಿ; ಹೊರಗಿನಿಂದ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಟಾರ್ಡಿಸ್ ಎಂಬ ವಾಹನದಲ್ಲಿ ಕಾಲ, ಲೋಕಗಳ ನಡುವೆ ಅಲೆಯುವ ಡಾಕ್ಟರ್ ಎಂಬವನ ಕಥೆ. ಅದರ ಅಭಿಮಾನಿಗಳಲ್ಲಿ ಡಾಕ್ಟರ್‌ನ ವೈರಿಗಳಾದ ಡಾಲೆಕ್‌ಗಳ ಬಣ್ಣದ ಲೆಕ್ಕ ಇಡುವವರಿದ್ದಾರೆ, ಡಾಕ್ಟರ್ ತೊಟ್ಟ ಕೋಟುಗಳ ಲೆಕ್ಕ ಇಡುವವರಿದ್ದಾರೆ. ನಾನು ರೇಡಿಯೋದ ಲೆಕ್ಕ ಇಟ್ಟೆ. ಆ ಕಥಾಲೋಕದ ಒಳಗೆ ಬಿಬಿಸಿ ರೇಡಿಯೋ ಎಲ್ಲಿ ಕೇಳಿಸುತ್ತದೆ, ಯಾರ ಕಿವಿಗೆ ಬೀಳುತ್ತದೆ, ಕೇಳಿದವರು ಅದನ್ನು ನಂಬುತ್ತಾರೋ ಇಲ್ಲವೋ.

1963ರ ನವೆಂಬರ್ 23ರಂದು ಶುರುವಾದ ಧಾರಾವಾಹಿ ಇದು. ಬಿಬಿಸಿಯದೇ ಆದ್ದರಿಂದ ಬಿಬಿಸಿ ಟೆಲಿವಿಷನ್ ಕಥೆಯೊಳಗೆ ಯಾವ ನಾಚಿಕೆಯೂ ಇಲ್ಲದೆ ಓಡಾಡುತ್ತದೆ. 1966ರ ‘ದ ವಾರ್ ಮಷೀನ್ಸ್’ನಲ್ಲಿ ಕೆನೆತ್ ಕೆಂಡಾಲ್ ಎಂಬ ನಿಜವಾದ ವಾರ್ತಾವಾಚಕರೇ ಬಂದು ಸುದ್ದಿ ಓದುತ್ತಾರೆ. 1971ರ ‘ದ ಡೀಮನ್ಸ್’ನಲ್ಲಿ ಬಿಬಿಸಿ ತ್ರೀ ಎಂಬ ಚಾನೆಲ್ ನೇರ ಪ್ರಸಾರ ಮಾಡುತ್ತದೆ, ಆ ಹೆಸರಿನ ಚಾನೆಲ್ ನಿಜವಾಗಿ ಶುರುವಾದದ್ದು 2003ರಲ್ಲಿ. ರೇಡಿಯೋದ ಸ್ವಭಾವವೇ ಬೇರೆ. ಮೂಲೆಯ ಮೇಜಿನ ಮೇಲೆ ಕೂತಿರುತ್ತದೆ, ಎರಡು ಕ್ಷಣ ಹಾಡುತ್ತದೆ, ಹೆಸರು ಹೇಳುವುದೇ ಇಲ್ಲ. ಅದಕ್ಕೇ ಅದರ ಬೆನ್ನು ಹತ್ತಿದೆ.

ಮೊದಲು ಒಂದು ಬೇಲಿ ಹಾಕಿಕೊಳ್ಳಬೇಕಾಯಿತು. ಕಥೆಯನ್ನು ರೇಡಿಯೋ ಪ್ರಸಾರ ಮಾಡುವುದು ಬೇರೆ, ಕಥೆಯೊಳಗೆ ರೇಡಿಯೋ ಕೇಳಿಸುವುದು ಬೇರೆ. ಡಾಕ್ಟರ್ ಆಗಿ ಕಾಲಿನ್ ಬೇಕರ್ ನಟಿಸಿದ ‘ಸ್ಲಿಪ್‌ಬ್ಯಾಕ್’ 1985ರಲ್ಲಿ ರೇಡಿಯೋ 4ರಲ್ಲಿ ಬಂತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ದೊಡ್ಡ ಕಣವೇಗವರ್ಧಕಕ್ಕೆ ಚಾಲನೆ ಕೊಟ್ಟ 2008ರ ಸೆಪ್ಟೆಂಬರ್ 10ರಂದೇ, ಅದೇ ಸರ್ನ್‌ನಲ್ಲಿ ನಡೆಯುವ ‘ಡಾಕ್ಟರ್ ಹೂ’ನಿಂದ ಕವಲೊಡೆದ ‘ಟಾರ್ಚ್‌ವುಡ್’ ಮಾಲೆಯ ನಾಟಕ ‘ಲಾಸ್ಟ್ ಸೋಲ್ಸ್’ ಅದೇ ರೇಡಿಯೋ 4ರಿಂದ ಪ್ರಸಾರವಾಯಿತು. ಮರುವರ್ಷ ಬಂದ ‘ಗೋಲ್ಡನ್ ಏಜ್’ ದೆಹಲಿಯಲ್ಲಿ ನಡೆಯುತ್ತದೆ. 1924ರಲ್ಲೇ ಮುಚ್ಚಿದರು ಅಂದುಕೊಂಡಿದ್ದ ಟಾರ್ಚ್‌ವುಡ್ ಎಂಬ ಗುಪ್ತ ಸಂಸ್ಥೆಯ ಭಾರತದ ಶಾಖೆ, ವಯಸ್ಸೇ ಆಗದ ಸಾಹೇಬರ ಜೊತೆ ಇನ್ನೂ ಕ್ಲಬ್ಬಿನಲ್ಲಿ ಕೂತಿರುತ್ತದೆ. ಬ್ರಿಟಿಷರ ಹಳೆಯ ಹಂಬಲವನ್ನು ಬ್ರಿಟಿಷ್ ರೇಡಿಯೋವೇ ಗೇಲಿ ಮಾಡುವುದನ್ನು ಭಾರತದವನಾಗಿ ಕೇಳುವ ಸುಖ ಬೇರೆಯೇ. ಆದರೆ ಈ ಯಾವುದೂ ನನ್ನ ಪಟ್ಟಿಗೆ ಸೇರಲಿಲ್ಲ. ಕೇಂದ್ರ ಇಲ್ಲಿ ವಾಹನ ಮಾತ್ರ, ಪಾತ್ರವಲ್ಲ.

ಕೆಲಸ ಮಾಡಿದ ಬಗೆ ಸರಳ. ಒಂದು ಸ್ಪ್ರೆಡ್‌ಶೀಟ್, ಪ್ರಸಾರವಾದ ವರ್ಷ, ಕಥೆ ನಡೆಯುವ ವರ್ಷ, ಏನು ಕೇಳಿಸಿತು, ಯಾರು ಕೇಳಿದರು, ಯಾವ ಕೇಂದ್ರ ಎಂಬ ಅಂಕಣಗಳು. ಕೊನೆಯ ಅಂಕಣದಲ್ಲಿ ಮೂರೇ ಉತ್ತರಕ್ಕೆ ಅವಕಾಶ: ಹೆಸರು ಹೇಳಿದ್ದಾರೆ, ಗುರುತಿನ ಸದ್ದಿದೆ, ಗೊತ್ತಿಲ್ಲ. ಗುರುತಿನ ಸದ್ದು ಅಂದರೆ ಬಿಗ್ ಬೆನ್ ಗಂಟೆ, ಹಡಗುಗಳ ಹವಾಮಾನ ವರದಿ, ಗಂಟೆಗೆ ಮುಂಚೆ ಬರುವ ಆರು ಪೀಪ್‌ಗಳು. ಆಕಾಶವಾಣಿ ವಾರ್ತೆಗೆ ಮುಂಚೆ ಪೀಪ್ ಕೇಳಿ ಬೆಳೆದ ಕಿವಿಗೆ ಈ ಮೂರನೆಯದು ಬೇಗ ಹಿಡಿಸುತ್ತದೆ. ಬಿಬಿಸಿಯ ಪೀಪ್‌ಗಳು 1924ರಿಂದ ಇವೆ. ಆರನೆಯದನ್ನು ಉದ್ದ ಮಾಡಿದ್ದು 1971 ಮುಗಿಯುವ ಹೊತ್ತಿಗೆ. ಹಾಗಾಗಿ 1963ರಲ್ಲಿ ನಡೆಯುವ ದೃಶ್ಯದಲ್ಲಿ ಕೊನೆಯ ಪೀಪ್ ಉದ್ದ ಬಂದರೆ ಸದ್ದಿನ ವಿಭಾಗದವರು ಸಿಕ್ಕಿಬಿದ್ದ ಹಾಗೆ. ಆ ಸಂತೋಷ ನನಗೆ ಇನ್ನೂ ಸಿಕ್ಕಿಲ್ಲ.

ಸ್ಕ್ರೀನ್ ಆರಿಸಿ ಬರೀ ಹೆಡ್‌ಫೋನಿನಲ್ಲಿ ಕೇಳುವುದು ಒಳ್ಳೆಯದು. ಚಿತ್ರ ಕಣ್ಣೆದುರಿದ್ದರೆ ಹಿನ್ನೆಲೆಯ ಸದ್ದು ಕಿವಿಯ ಮೇಲೆ ಹಾದುಹೋಗುತ್ತದೆ. ಸಬ್‌ಟೈಟಲ್ ನಂಬಿ ಕೂರುವ ಹಾಗಿಲ್ಲ, ‘ರೇಡಿಯೋದಲ್ಲಿ ಸಂಗೀತ’ ಎಂದು ಹಾಕಿ ಕೈತೊಳೆದುಕೊಳ್ಳುತ್ತಾರೆ. ಇನ್ನು ಪಕ್ಕದಲ್ಲಿ ಬಿಬಿಸಿ ರೇಡಿಯೋ ಕೇಂದ್ರಗಳು ಶುರುವಾದ ಇಸವಿಗಳ ಒಂದು ಚೀಟಿ ಇರಲೇಬೇಕು. 1939ರ ಸೆಪ್ಟೆಂಬರ್ 1ರಿಂದ ಹೋಮ್ ಸರ್ವಿಸ್, 1945ರಿಂದ ಲೈಟ್ ಪ್ರೋಗ್ರಾಂ, 1967ರ ಸೆಪ್ಟೆಂಬರ್ 30ರಂದು ರೇಡಿಯೋ 1, 2, 3, 4. ಅದಕ್ಕೂ ಹಿಂದೆ ನಡೆಯುವ ಕಥೆಯ ಮುಂದೆ ‘ರೇಡಿಯೋ 4’ ಎಂದು ಬರೆಯುವ ಹಾಗೇ ಇಲ್ಲ.

ಈ ಚೀಟಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮೊಟ್ಟಮೊದಲ ಕಂತಿನಲ್ಲೇ. ‘ಆ್ಯನ್ ಅನ್‌ಅರ್ತ್ಲಿ ಚೈಲ್ಡ್’ನಲ್ಲಿ ಸೂಸನ್ ಎಂಬ ಹುಡುಗಿ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಕೈ ಆಡಿಸುತ್ತಾ ಹಾಡು ಕೇಳುತ್ತಿರುತ್ತಾಳೆ. ಹಾಡುತ್ತಿರುವುದು ಜಾನ್ ಸ್ಮಿತ್ ಆ್ಯಂಡ್ ದ ಕಾಮನ್ ಮೆನ್. ಅಂಥ ತಂಡ ಭೂಮಿಯ ಮೇಲಿಲ್ಲ. ಆದರೂ ವಿಜ್ಞಾನದ ಮೇಷ್ಟ್ರು ಇಯಾನ್ ಆ ಗಾಯಕನ ಪೂರ್ವೋತ್ತರ ಎಲ್ಲ ಹೇಳುತ್ತಾನೆ, ಶಿಷ್ಯೆ ಬೆರಗಾಗುತ್ತಾಳೆ. ಟಾರ್ಡಿಸ್‌ನ ಒಳಗು ಕಾಣಿಸುವುದಕ್ಕೂ ಮುಂಚೆಯೇ ನಾವು ಬೇರೊಂದು ಲೋಕದಲ್ಲಿದ್ದೇವೆ ಎನ್ನಲು ನನ್ನ ಮಟ್ಟಿಗೆ ಈ ಹಾಡೇ ಸಾಕ್ಷಿ.

ಕೇಂದ್ರ ಯಾವುದು? ಹಡಗಿನಿಂದ ಕದ್ದು ಪ್ರಸಾರ ಮಾಡುತ್ತಿದ್ದ ರೇಡಿಯೋ ಕ್ಯಾರೊಲಿನ್ ಇರಲಾರದು, ಅದು ಶುರುವಾದದ್ದೇ 1964ರ ಮಾರ್ಚ್‌ನಲ್ಲಿ. ಉಳಿದದ್ದು ಬಿಬಿಸಿ ಲೈಟ್ ಪ್ರೋಗ್ರಾಂ ಮತ್ತು ರೇಡಿಯೋ ಲಕ್ಸೆಂಬರ್ಗ್. ಲಕ್ಸೆಂಬರ್ಗಿನ ಇಂಗ್ಲಿಷ್ ಪ್ರಸಾರ ಸಂಜೆಯದ್ದು. ಕಥೆಯಲ್ಲಿ ಶಾಲೆ ಬಿಟ್ಟಿದೆ, ಹೊರಗೆ ಮಂಜು, ಸ್ವಲ್ಪ ಹೊತ್ತಿಗೇ ಕತ್ತಲು. ನವೆಂಬರ್‌ನ ಲಂಡನ್ನಿನಲ್ಲಿ ಕತ್ತಲನ್ನು ನೋಡಿ ಗಂಟೆ ಹೇಳಲಾಗದು. ಲೈಟ್ ಪ್ರೋಗ್ರಾಂ ಎಂದು ಬರೆಯಲು ಕೈ ತುರಿಸಿತು. ‘ಗೊತ್ತಿಲ್ಲ’ ಎಂದೇ ಬರೆದೆ. ಇಂಥ ಪಟ್ಟಿ ಹಾಳಾಗುವುದೇ ಇಲ್ಲಿ. ಒಬ್ಬನ ಊಹೆ ಇನ್ನೊಬ್ಬನ ಕೈಗೆ ಹೋಗುವಾಗ ಮಾಹಿತಿಯಾಗಿ, ಮೂರನೆಯವನ ಬಾಯಲ್ಲಿ ಇತಿಹಾಸವಾಗಿಬಿಡುತ್ತದೆ.

ಕ್ರಿಕೆಟ್‌ನದು ಇನ್ನೂ ತಮಾಷೆ. ‘ದ ಡಾಲೆಕ್ಸ್ ಮಾಸ್ಟರ್ ಪ್ಲ್ಯಾನ್’ ಕಥೆಯ ‘ವೊಲ್ಕೇನೊ’ ಕಂತು 1966ರ ಜನವರಿ 1ರಂದು ಪ್ರಸಾರವಾಯಿತು. ಹಳೆಯ ಟೇಪುಗಳನ್ನು ಬಿಬಿಸಿ ಅಳಿಸಿಹಾಕುತ್ತಿದ್ದ ಕಾಲ. ಟಿವಿಯ ಸ್ಪೀಕರಿಗೆ ಮೈಕ್ ಹಿಡಿದು ಮನೆಯಲ್ಲೇ ಧ್ವನಿ ಮುದ್ರಿಸಿಕೊಂಡ ಅಭಿಮಾನಿಗಳ ಪುಣ್ಯದಿಂದ ಸದ್ದು ಉಳಿದಿದೆ. ನಾನು ಕೇಳಿದ್ದು ಅದಕ್ಕೆ, ಅದೇ ಕಥೆಯಲ್ಲಿ ನಟಿಸಿದ್ದ ಪೀಟರ್ ಪರ್ವ್ಸ್ ನಿರೂಪಣೆ ಸೇರಿಸಿದ ಸಿಡಿ. ಇಂಗ್ಲೆಂಡ್–ಆಸ್ಟ್ರೇಲಿಯಾ ಪಂದ್ಯ ನಡೆಯುತ್ತಿದೆ, ಟಾರ್ಡಿಸ್ ನೇರವಾಗಿ ಮೈದಾನದಲ್ಲೇ ಇಳಿಯುತ್ತದೆ. ವೀಕ್ಷಕ ವಿವರಣೆ ಕೊಡುವ ಟ್ರೆವರ್ ಮತ್ತು ಸ್ಕಾಟ್‌ಗೆ ಪೊಲೀಸ್ ಪೆಟ್ಟಿಗೆ ಆಕಾಶದಿಂದ ಬಂತೋ ಪಾತಾಳದಿಂದ ಬಂತೋ ಬೇಕಿಲ್ಲ. ಇಂಗ್ಲೆಂಡಿನ ಬ್ಯಾಟಿಂಗ್ ಸಮಯ ಹಾಳಾಯಿತಲ್ಲ ಎಂಬುದೇ ಅವರ ಚಿಂತೆ.

ಅದು ರೇಡಿಯೋದ ವಿವರಣೆಯೋ ಟಿವಿಯದೋ ಎನ್ನುವುದು ದನಿಯಿಂದ ತೀರ್ಮಾನವಾಗಲಿಲ್ಲ, ಆ ಅಂಕಣ ಇಂದಿಗೂ ಖಾಲಿ. ಆದರೆ ಇದರ ಬಾಲ ಹಿಡಿದು ಹೋದರೆ ಇನ್ನೊಂದು ಲೋಕ ಸಿಗುತ್ತದೆ. 1979–80ರ ಸರಣಿಗೆ ಸ್ಕ್ರಿಪ್ಟ್ ಎಡಿಟರ್ ಆಗಿದ್ದ ಡಗ್ಲಸ್ ಆ್ಯಡಮ್ಸ್, ಕ್ರಿಕೆಟ್ ಆಟದ ಹಿಂದೆ ಅಡಗಿರುವ ಕೊಲೆಗಡುಕ ರೋಬೋಟುಗಳ ಕಥೆಯೊಂದನ್ನು ಡಾಕ್ಟರ್‌ಗಾಗಿ ಹೆಣೆದಿದ್ದರು. ಅಲ್ಲಿ ಅದು ತಿರಸ್ಕೃತವಾಯಿತು. 1982ರಲ್ಲಿ ಅದೇ ಎಳೆ ಅವರ ‘ಹಿಚ್‌ಹೈಕರ್ಸ್ ಗೈಡ್’ ಮಾಲೆಯ ಮೂರನೆಯ ಕಾದಂಬರಿಯಾಯಿತು: ಲಾರ್ಡ್ಸ್ ಮೈದಾನ, ಬಿಳಿ ರೋಬೋಟುಗಳು, ಆ್ಯಶಸ್ ಕಳವು. 2004ರಲ್ಲಿ ರೇಡಿಯೋ 4 ಅದನ್ನು ನಾಟಕವಾಗಿಸಿದಾಗ ವಿವರಣೆಗೆ ಬಂದವರು ಸಾಕ್ಷಾತ್ ಹೆನ್ರಿ ಬ್ಲೋಫೆಲ್ಡ್ ಮತ್ತು ಫ್ರೆಡ್ ಟ್ರೂಮನ್. ಟೆಸ್ಟ್ ಪಂದ್ಯಗಳ ರೇಡಿಯೋ ವಿವರಣೆಯಲ್ಲಿ ಜನ ವರ್ಷಾನುಗಟ್ಟಲೆ ಕೇಳಿದ್ದ ಗಂಟಲುಗಳೇ ಲೋಕಪ್ರಳಯದ ನಡುವೆಯೂ ಅದೇ ಲಯದಲ್ಲಿ ಮಾತಾಡುತ್ತವೆ. ಲೋಕ ಬೇರೆಯಾದ್ದರಿಂದ ನನ್ನ ಪಟ್ಟಿಗೆ ಇದು ಬರುವುದಿಲ್ಲ. ಪಕ್ಕದ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಬಿಡಲು ಮನಸ್ಸಾಗದೆ.

ನಗು ಬರುವುದು ಆ ದನಿ ಅಲುಗುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆ ಸುಮ್ಮನೆ ಬಂದದ್ದಲ್ಲ. 1940ರ ಅಕ್ಟೋಬರ್ 15ರ ರಾತ್ರಿ ಒಂಬತ್ತರ ವಾರ್ತೆ ಓದುತ್ತಿದ್ದಾಗ ಬಿಬಿಸಿಯ ಬ್ರಾಡ್‌ಕಾಸ್ಟಿಂಗ್ ಹೌಸ್ ಮೇಲೆ ಬಿದ್ದಿದ್ದ ಬಾಂಬು ಸಿಡಿಯಿತು. ಕಟ್ಟಡದಲ್ಲಿದ್ದ ಏಳು ಮಂದಿ ಸತ್ತರು. ವಾರ್ತಾವಾಚಕ ಬ್ರೂಸ್ ಬೆಲ್ಫ್ರೇಜ್ ಅರೆಕ್ಷಣ ನಿಂತು ಓದು ಮುಂದುವರಿಸಿದರು.

ಅದೇ ವರ್ಷ ಬಿಬಿಸಿಯಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ಅದುವರೆಗೆ ಹೆಸರಿಲ್ಲದೆ ಓದುತ್ತಿದ್ದ ವಾರ್ತಾವಾಚಕರು ‘ಓದುತ್ತಿರುವವರು ಇಂಥವರು’ ಎಂದು ಹೇಳತೊಡಗಿದರು. ಜರ್ಮನರು ದಾಳಿ ಮಾಡಿ ಸುಳ್ಳು ಪ್ರಸಾರ ನಡೆಸಿದರೆ ಜನಕ್ಕೆ ನಿಜವಾದ ದನಿಯ ಗುರುತು ಇರಲಿ ಎಂದು. ಇದನ್ನು ತಲೆಯಲ್ಲಿಟ್ಟುಕೊಂಡು 2005ರ ‘ದಿ ಎಂಪ್ಟಿ ಚೈಲ್ಡ್’ ಮತ್ತದರ ಮುಂದಿನ ಕಂತನ್ನು ಕೇಳಿ ನೋಡಿ. ಕಥೆ ನಡೆಯುವುದು 1941ರಲ್ಲಿ, ಬಾಂಬು ಬೀಳುತ್ತಿರುವ ಲಂಡನ್ನಿನಲ್ಲಿ. ಗ್ಯಾಸ್ ಮಾಸ್ಕ್ ಹಾಕಿದ ಮಗುವೊಂದು ಅಮ್ಮನನ್ನು ಹುಡುಕುತ್ತಿದೆ. ಎಲ್ಲಿಗೂ ಸಂಪರ್ಕವಿಲ್ಲದ ಟಾರ್ಡಿಸ್ ಫೋನು ರಿಂಗಾಗುತ್ತದೆ, ಅದರಲ್ಲಿ ಮಗು. ಊಟದ ಮನೆಯ ರೇಡಿಯೋ ತಾನಾಗಿ ಬಾಯಿ ಬಿಡುತ್ತದೆ, ಅದರಲ್ಲೂ ಮಗು. ಸ್ಪೀಕರ್ ಇರುವ ಯಾವುದರಿಂದಲಾದರೂ ಮಾತಾಡಬಲ್ಲ ತಂತ್ರ ಭವಿಷ್ಯದಿಂದ ಬಂದ ಕ್ಯಾಪ್ಟನ್ ಜ್ಯಾಕ್ ಬಳಿ ಇದೆ, ಮಗುವಿಗೂ ಅದು ಬರುತ್ತದೆ. ಜ್ಯಾಕ್ ಆ ದನಿಯನ್ನು ಮುಚ್ಚಿಹಾಕಲು ಹಳೆಯ ರೇಡಿಯೋದಲ್ಲಿ ಗ್ಲೆನ್ ಮಿಲ್ಲರ್ ವಾದ್ಯವೃಂದದ ಸಂಗೀತ ಹಾಕುತ್ತಾನೆ.

ಪೆಟ್ಟಿಗೆಯಲ್ಲಿ ಮಾತಾಡುತ್ತಿರುವವರು ಯಾರು ಎಂದು ಇಡೀ ದೇಶವೇ ಕಿವಿ ನೆಟ್ಟು ಪರೀಕ್ಷಿಸುತ್ತಿದ್ದ ಕಾಲಕ್ಕೆ ಬರೆದಿಟ್ಟ ಭಯ ಇದು. ಬರೆದ ಸ್ಟೀವನ್ ಮೊಫಾಟ್ ಇದನ್ನೇ ಯೋಚಿಸಿ ಬರೆದರು ಎನ್ನುತ್ತಿಲ್ಲ. ಕೇಳುವ ನನ್ನ ಬೆನ್ನುಹುರಿಗೆ ಆದದ್ದು ಹೇಳುತ್ತಿದ್ದೇನೆ. ಪಟ್ಟಿಯಲ್ಲಿ ‘ಯಾರು ಕೇಳಿದರು’ ಎಂಬ ಅಂಕಣದ ಪಕ್ಕ ‘ಯಾರು ಮಾತಾಡಿದರು’ ಎಂಬ ಹೊಸ ಅಂಕಣ ಸೇರಿದ್ದು ಈ ಕಂತಿನ ನಂತರವೇ. ಸೇರಿಸಿದ ಮೇಲೆ ಹಿಂದಿನದೆಲ್ಲ ಮತ್ತೆ ತಿರುವಿಹಾಕಿದೆ. 1985ರ ‘ರೆವಲೇಶನ್ ಆಫ್ ದ ಡಾಲೆಕ್ಸ್’ನಲ್ಲಿ ನೆಕ್ರೋಸ್ ಗ್ರಹದ ಶವಾಗಾರದಲ್ಲಿ ಮಲಗಿದವರಿಗಾಗಿ ಹಾಡು ಹಾಕುವ ಡಿಜೆ ಒಬ್ಬನಿದ್ದಾನೆ. ನಟ ಅಲೆಕ್ಸಿ ಸೇಲ್. ಅವನ ಅಮೆರಿಕನ್ ಧಾಟಿಯೂ ಸಾಲ ತಂದದ್ದೇ, ಭೂಮಿಯ ಹಳೆಯ ಮುದ್ರಣಗಳಿಂದ ಕಲಿತದ್ದು. ಡಾಕ್ಟರ್ ಜೊತೆಗಾರ್ತಿ, ಅಮೆರಿಕದ ಪೆರಿಗೆ ಅದು ತಿಳಿದಾಗ ಬೇಸರವಾಗುತ್ತದೆ. ಡಾಲೆಕ್‌ಗಳನ್ನು ಅವನು ಎದುರಿಸುವುದು ರಾಕ್ ಸಂಗೀತವನ್ನೇ ಕಿರಣವಾಗಿಸಿ. ರಾಷ್ಟ್ರೀಯ ಕೇಂದ್ರ ಅಲ್ಲದಿದ್ದರೂ ಅವನಿಗೊಂದು ಸಾಲು ಕೊಟ್ಟೆ.

ಈಗ ಕೈ ಹಾಕಿರುವುದು ಬಿಗ್ ಫಿನಿಶ್ ಸಂಸ್ಥೆ 1999ರಿಂದ ಡಾಕ್ಟರ್‌ಗಾಗಿ ತರುತ್ತಿರುವ ಧ್ವನಿನಾಟಕಗಳಿಗೆ. ಅಲ್ಲಿ ಎಲ್ಲವೂ ಸದ್ದೇ. ಹಿಂದಿನ ಉಪಾಯ ನಡೆಯುವುದಿಲ್ಲ. ದನಿಯ ತಳವನ್ನೂ ತುದಿಯನ್ನೂ ಕತ್ತರಿಸಿ ಕಿರಿದಾಗಿಸಿದ್ದರೆ ಪೆಟ್ಟಿಗೆಯಿಂದ ಬರುತ್ತಿದೆ ಎಂದು ತಿಳಿಯಬೇಕು. 2005ರ ‘ಲೈವ್ 34’ ಆ ಆಧಾರವನ್ನೂ ಕಿತ್ತುಕೊಂಡಿತು: ವಸಾಹತು ಗ್ರಹವೊಂದರ ಸುದ್ದಿಕೇಂದ್ರದ ಪ್ರಸಾರಗಳೇ ಇಡೀ ನಾಟಕ. ಡಾಕ್ಟರ್ ಕೂಡ ನಮಗೆ ಸಿಗುವುದು ಆ ಕೇಂದ್ರ ಪ್ರಸಾರ ಮಾಡಿದಷ್ಟೇ. ‘ಯಾರು ಕೇಳಿದರು’ ಎಂಬಲ್ಲಿ ಸದ್ಯಕ್ಕೆ ‘ಗ್ರಹದವರು, ಮತ್ತು ನಾನು’ ಎಂದು ಹಾಕಿಟ್ಟಿದ್ದೇನೆ.