ವೈರಸ್ ಸಹಿಯನ್ನು ನಾನೇ ಬರೆದು ನೋಡಿದೆ

ಗೆಳೆಯನ ಹಳೇ ಲ್ಯಾಪ್‌ಟಾಪ್ ರಿಪೇರಿಗೆ ಬಂದಿತ್ತು. ಅದರಲ್ಲಿದ್ದ ಆ್ಯಂಟಿವೈರಸ್ ಮೂರು ಗಂಟೆ ಫುಲ್ ಸ್ಕ್ಯಾನ್ ಮಾಡಿ, ಹಸಿರು ಟಿಕ್ ತೋರಿಸಿ, ಏನೂ ಸಿಕ್ಕಿಲ್ಲ ಅಂದಿತು. ರೀಸ್ಟಾರ್ಟ್ ಮಾಡಿದೆ. ಯಾರೂ ಮುಟ್ಟದೆ ಬ್ರೌಸರ್ ತಾನಾಗೇ ತೆರೆದುಕೊಂಡು ಅದೇ ಜಾಹೀರಾತಿನ ಪುಟ ಮತ್ತೆ ಬಂತು.

ಎಷ್ಟೋ ವರ್ಷದಿಂದ ಕಂಪ್ಯೂಟರ್ ಸರಿ ಮಾಡುತ್ತಿದ್ದೇನೆ. ಆದರೆ ಸ್ಕ್ಯಾನರ್ ಒಳಗೆ ಏನು ಮಾಡುತ್ತದೆ ಅಂತ ಕೂತು ನೋಡಿರಲಿಲ್ಲ. ಆವತ್ತು ನೋಡಲೇಬೇಕು ಅನ್ನಿಸಿತು.

ನನ್ನ ಕಂಪ್ಯೂಟರ್‌ನಲ್ಲಿ ಕ್ಲಾಮ್‌ಎವಿ ಅನ್ನುವ ಆ್ಯಂಟಿವೈರಸ್ ಹಾಕಿಕೊಂಡೆ. ಅದು ಓಪನ್ ಸೋರ್ಸ್, ಮತ್ತೆ ಅದಕ್ಕೆ ನಾವೇ ಸಹಿ, ಅಂದರೆ ಸಿಗ್ನೇಚರ್, ಬರೆದು ಕೊಡಬಹುದು. ವೈರಸ್ಸನ್ನು ಸ್ಕ್ಯಾನರ್ ಗುರುತು ಹಿಡಿಯುವುದು ಈ ಸಹಿಯಿಂದಲೇ. ನಿಜವಾದ ವೈರಸ್ ಮುಟ್ಟುವ ಅಗತ್ಯವೇ ಇಲ್ಲ. ಮೊದಲು ಐಕಾರ್ ಪರೀಕ್ಷಾ ಫೈಲ್ ಮಾಡಿದೆ. 68 ಅಕ್ಷರಗಳ ಒಂದೇ ಸಾಲು ಅದು, ಯಾರಿಗೂ ಏನೂ ತೊಂದರೆ ಮಾಡುವುದಿಲ್ಲ. ಆದರೂ ಅದನ್ನು ಕಂಡರೆ ವೈರಸ್ ಅಂತ ಹೇಳಬೇಕು ಅಂತ ಆ್ಯಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಕೈಯಿಂದ ಟೈಪ್ ಮಾಡಿ ಸ್ಕ್ಯಾನ್ ಮಾಡಿದೆ. ಸಿಗಲಿಲ್ಲ! ಮತ್ತೆ ಮತ್ತೆ ನೋಡಿದ ಮೇಲೆ ಗೊತ್ತಾಯಿತು: ಮೂರನೇ ಅಕ್ಷರ ಇಂಗ್ಲಿಷಿನ ದೊಡ್ಡ ಓ, ನಾನು ಸೊನ್ನೆ ಹಾಕಿದ್ದೆ. ಅದನ್ನು ತಿದ್ದಿದ ತಕ್ಷಣ ಸಿಕ್ಕಿತು. ಕಣ್ಣಿಗೆ ಎರಡೂ ಒಂದೇ ಥರ, ಸ್ಕ್ಯಾನರ್‌ಗೆ ಎರಡೂ ಬೇರೆ ಬೇರೆ ಬೈಟ್.

ಆಮೇಲೆ ನನ್ನದೇ ಒಂದು ಪುಟ್ಟ ವಿಂಡೋಸ್ ಪ್ರೋಗ್ರಾಂ ಬರೆದೆ. ತೆರೆದರೆ ಒಂದು ಸಾಲು ತೋರಿಸುತ್ತದೆ, ಅಷ್ಟೇ. ಅದೇ ನನ್ನ 'ವೈರಸ್'. ಅದರ ಎಂಡಿ5 ಹ್ಯಾಶ್ ತೆಗೆದೆ, ಅಂದರೆ ಇಡೀ ಫೈಲಿನಿಂದ ಲೆಕ್ಕ ಹಾಕಿದ 32 ಅಕ್ಷರಗಳ ಬೆರಳಚ್ಚು. ಅದರ ಪಕ್ಕ ಫೈಲಿನ ಗಾತ್ರ, ನಾನಿಟ್ಟ ಹೆಸರು ಬರೆದರೆ ಒಂದು ಸಹಿ ತಯಾರು. ಸ್ಕ್ಯಾನ್ ಮಾಡಿದೆ, ಹಿಡಿಯಿತು. ಫೈಲಿನ ಹೆಸರು ಬದಲಿಸಿದೆ, ಫೋಟೋ ಅಂತ ಕಾಣುವ ಹಾಗೆ ಮಾಡಿದೆ, ಆಗಲೂ ಹಿಡಿಯಿತು. ಆಮೇಲೆ ಒಳಗಿನ ಸಾಲಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿದೆ. ತಪ್ಪಿಸಿಕೊಂಡಿತು. ಹ್ಯಾಶ್ ಪೂರ್ತಿ ಬೇರೆಯಾಗಿತ್ತು.

ಹಾಗಾದರೆ ಇಡೀ ಫೈಲ್ ಬೇಡ, ಒಳಗಿನ ಒಂದು ತುಣುಕು ಹುಡುಕೋಣ ಅಂದುಕೊಂಡೆ. ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಫೈಲ್ ತೆರೆದು, ಶುರುವಿನಲ್ಲೇ ಕಂಡ ಒಂದು ಸಾಲನ್ನು ಎತ್ತಿ ಸಹಿ ಮಾಡಿದೆ. ಈ ಸಲ ಬದಲಾದ ಪ್ರತಿಯೂ ಸಿಕ್ಕಿತು. ಖುಷಿಯಿಂದ ವಿಂಡೋಸ್‌ನ ಸಿಸ್ಟಂ ಫೋಲ್ಡರ್ ಮೇಲೂ ಅದನ್ನೇ ಓಡಿಸಿದೆ. ಪರದೆ ತುಂಬ ವೈರಸ್! ನೋಟ್‌ಪ್ಯಾಡ್ ವೈರಸ್, ಕ್ಯಾಲ್ಕುಲೇಟರ್ ವೈರಸ್, ಸಾಲು ಸಾಲಾಗಿ ಓಡುತ್ತಿತ್ತು. ನಾನು ಎತ್ತಿಕೊಂಡ ಸಾಲು 'ಈ ಪ್ರೋಗ್ರಾಂ ಡಾಸ್‌ನಲ್ಲಿ ಓಡುವುದಿಲ್ಲ' ಅನ್ನುವ ಸಂದೇಶ. ಡಾಸ್ ಅಂದರೆ ವಿಂಡೋಸ್‌ಗಿಂತ ಹಳೆಯ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಪ್ರೋಗ್ರಾಂಗಳಲ್ಲಿ ಹೆಚ್ಚುಕಮ್ಮಿ ಎಲ್ಲದರ ತಲೆಯಲ್ಲೂ ಅದು ಇರುತ್ತದೆ. ಸುಮ್ನೆ ವರದಿ ಮಾಡು ಅಂತ ಹೇಳಿದ್ದೆ, ಸಿಕ್ಕಿದ್ದನ್ನೆಲ್ಲ ಅಳಿಸು ಅಂದಿದ್ದರೆ ವಿಂಡೋಸೇ ಹೋಗಿರುತ್ತಿತ್ತು. ಸಹಿ ಬರೆಯುವವರ ಕೆಲಸದ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆಗ. ತುಣುಕು ಕೆಟ್ಟ ಫೈಲುಗಳಲ್ಲಿ ಎಲ್ಲೆಲ್ಲೂ ಇರಬೇಕು, ಒಳ್ಳೆಯ ಫೈಲುಗಳಲ್ಲಿ ಎಲ್ಲೂ ಇರಬಾರದು. ಅಂಥದ್ದನ್ನು ಆರಿಸುವುದು ಸುಲಭದ ಮಾತಲ್ಲ.

ಜಿಪ್ ಮಾಡಿದರೂ ಸಿಕ್ಕಿತು, ಸ್ಕ್ಯಾನರ್ ಗಂಟು ಬಿಚ್ಚಿ ನೋಡುತ್ತದೆ. ಜಿಪ್‌ಗೆ ಪಾಸ್‌ವರ್ಡ್ ಹಾಕಿದೆ, ಸಿಗಲಿಲ್ಲ. ಬೀಗ ಹಾಕಿದ ಪೆಟ್ಟಿಗೆಯೊಳಗಿನ ಬೈಟ್‌ಗಳನ್ನು ಯಾವುದರ ಜೊತೆ ಹೋಲಿಸುವುದು? ಮೇಲ್‌ನಲ್ಲಿ ಪಾಸ್‌ವರ್ಡ್ ಇರುವ ಜಿಪ್ ಕಳಿಸಿ, ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆಯುವ ಮೋಸಗಾರರ ಲೆಕ್ಕಾಚಾರ ಇದೇ. ಅಂಥ ಜಿಪ್ ಬಿಚ್ಚಬೇಡಿ ಅಂತ ನಾನು ಈಗ ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಇಷ್ಟಾದ ಮೇಲೆ ಗೆಳೆಯನ ಲ್ಯಾಪ್‌ಟಾಪ್ ಹತ್ತಿರ ವಾಪಸ್ ಬಂದೆ. ಸ್ಕ್ಯಾನರ್ ಫೈಲುಗಳನ್ನು ಹೋಲಿಸುತ್ತದೆ ಸರಿ, ಆದರೆ ಇಲ್ಲಿ ಕೆಟ್ಟ ಫೈಲೇ ಇಲ್ಲದಿದ್ದರೆ? ಯಾವ ಕೆಲಸ ಯಾವಾಗ ತಾನಾಗೇ ಓಡಬೇಕು ಅಂತ ವಿಂಡೋಸ್ ಬರೆದಿಡುವ ಟಾಸ್ಕ್ ಶೆಡ್ಯೂಲರ್ ತೆರೆದು ಒಂದೊಂದೇ ನಮೂದು ಓದಿದೆ. ಅಪ್‌ಡೇಟ್ ಅಂತ ಹೆಸರಿಟ್ಟುಕೊಂಡ ಒಂದು ನಮೂದು ಲಾಗಿನ್ ಆದಾಗಲೆಲ್ಲ ಪವರ್‌ಶೆಲ್ ಓಡಿಸುತ್ತಿತ್ತು. ಅದರ ಮುಂದೆ ನಾಲ್ಕೈದು ಸಾಲು ಅರ್ಥವಿಲ್ಲದ ಅಕ್ಷರಗಳು. ಪವರ್‌ಶೆಲ್ ಅಂದರೆ ಬರೆದುಕೊಟ್ಟ ಆಜ್ಞೆಗಳನ್ನು, ಅಂದರೆ ಸ್ಕ್ರಿಪ್ಟ್, ಓಡಿಸುವ ಪ್ರೋಗ್ರಾಂ. ಅದು ವಿಂಡೋಸ್‌ನದ್ದೇ, ಅದರಲ್ಲಿ ಏನೂ ತಪ್ಪಿಲ್ಲ. ಕೆಟ್ಟದ್ದು ಆ ಅಕ್ಷರಗಳಲ್ಲಿತ್ತು, ಓಡುವಾಗ ಮಾತ್ರ ಅದು ಬಿಚ್ಚಿಕೊಳ್ಳುತ್ತಿತ್ತು. ವಿಂಡೋಸ್ 10ರಿಂದ ಈಚೆಗೆ ಎಎಂಎಸ್‌ಐ ಅಂತ ಒಂದು ವ್ಯವಸ್ಥೆ ಇದೆ. ಬಿಚ್ಚಿಕೊಂಡ ಸ್ಕ್ರಿಪ್ಟನ್ನು ಓಡಿಸುವ ಮುಂಚೆ ಆ್ಯಂಟಿವೈರಸ್ ಕೈಗೆ ಕೊಡುತ್ತದೆ. ಈ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ವಿಂಡೋಸ್ 7, ಅದರಲ್ಲಿ ಈ ವ್ಯವಸ್ಥೆಯೇ ಇಲ್ಲ.

ನಮೂದಿನ ಒಂದು ಪ್ರತಿ ತೆಗೆದಿಟ್ಟುಕೊಂಡು, ಅದನ್ನು ಅಳಿಸಿ ರೀಸ್ಟಾರ್ಟ್ ಮಾಡಿದೆ. ಪುಟ ಬರಲಿಲ್ಲ. ಆದರೆ ಅದನ್ನು ತಂದು ಕೂರಿಸಿದ್ದು ಇನ್ನೇನು ಮಾಡಿದೆಯೋ, ನನಗೆ ಸಮಾಧಾನ ಆಗಲಿಲ್ಲ. ಫೋಟೋ, ಡಾಕ್ಯುಮೆಂಟ್ ಮಾತ್ರ ಹೊರಗೆ ತೆಗೆದು, ಡಿಸ್ಕ್ ಪೂರ್ತಿ ಅಳಿಸಿ ಹೊಸ ವಿಂಡೋಸ್ ಹಾಕಿದೆ. ಅದು ಇನ್‌ಸ್ಟಾಲ್ ಆಗುವಷ್ಟರಲ್ಲಿ ಗೆಳೆಯ ನನ್ನ ಕಂಪ್ಯೂಟರ್‌ನಲ್ಲಿ ಕೂತು ತನ್ನ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದ, ಮೊದಲು ಇಮೇಲ್, ಆಮೇಲೆ ಬ್ಯಾಂಕ್.