ಕಛೇರಿ ರೆಕಾರ್ಡ್ ಮಾಡುವಾಗ 'ಡಿಸ್ಕ್ ಸ್ಲೋ' ಅಂತ ಬಂದರೆ

ರಾಮನವಮಿ ಕಛೇರಿಯಲ್ಲಿ ತನಿ ಆವರ್ತನ (ತಾಳವಾದ್ಯದವರ ಸರದಿ) ಶುರುವಾಗುತ್ತಿದ್ದಂತೆ ನನ್ನ ಲ್ಯಾಪ್‌ಟಾಪ್ 'ಡಿಸ್ಕ್ ಸ್ಲೋ' ಎಂದು ನಿಂತುಬಿಟ್ಟಿತು. ಮೃದಂಗದವರ ಮುಖ ನೋಡಲು ಧೈರ್ಯ ಬರಲಿಲ್ಲ!

ಹೊಸ ಡಿಸ್ಕ್ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿದರೆ ಒಂದು ಮೈಕಿಗೆ ಸೆಕೆಂಡಿಗೆ ಬೇಕಾಗುವುದು 144 ಕಿಲೋಬೈಟ್. ಎಂಟು ಮೈಕ್ ಇಟ್ಟರೂ 1.2 ಎಂಬಿ ದಾಟುವುದಿಲ್ಲ. ಹಳೇ ಹಾರ್ಡ್ ಡಿಸ್ಕಿಗೂ ಇದು ಸುಲಭ. ಅಂದರೆ ಡಿಸ್ಕ್ ನಿಧಾನ ಅಲ್ಲ, ನಡುವೆ ಬೇರೆ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿರುತ್ತದೆ, ಅಲ್ವಾ?

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಂ ಮೇಲೆ ಒತ್ತಿ. ಯಾವ ಪ್ರೋಗ್ರಾಂ ಜಾಸ್ತಿ ಬಳಸುತ್ತಿದೆ ಎಂದು ಮೇಲೇ ಕಾಣುತ್ತದೆ. ನನ್ನಲ್ಲಿ ಸಿಕ್ಕಿದ್ದು ಕ್ಲೌಡ್ ಬ್ಯಾಕಪ್. ರೆಕಾರ್ಡಿಂಗ್ ಫೋಲ್ಡರ್ ಡೆಸ್ಕ್‌ಟಾಪ್‌ನಲ್ಲೇ ಇತ್ತು. ಬೆಳೆಯುತ್ತಿದ್ದ ಫೈಲನ್ನೇ ಅದು ಮೇಲಕ್ಕೆ ಕಳಿಸಲು ಒದ್ದಾಡುತ್ತಿತ್ತು. ಆ್ಯಂಟಿವೈರಸ್ಸೂ ಹೀಗೇ ಮಾಡಬಹುದು, ಆ ಫೋಲ್ಡರಿಗೆ ವಿನಾಯಿತಿ ಕೊಡಿ. ವೈಫೈ ಆಫ್ ಮಾಡಿ, ಚಾರ್ಜರ್ ಸಿಕ್ಕಿಸಿ, ಪವರ್ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಮಲಗದಂತೆ ಮಾಡಿ.

ಪೆನ್ ಡ್ರೈವಿಗೆ ನೇರವಾಗಿ ರೆಕಾರ್ಡ್ ಮಾಡುವುದು ಬೇಡವೇ ಬೇಡ. ಬರೆಯುವಾಗ ಅದು ಆಗಾಗ ತಡವರಿಸುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಬಳಸಿದರೆ ಆಡಿಯೋ ಇಂಟರ್‌ಫೇಸ್ (ಮೈಕುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಇರುವ ಯುಎಸ್‌ಬಿ ಹಬ್‌ಗೇ ಅದನ್ನೂ ಸಿಕ್ಕಿಸಬೇಡಿ. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 (FAT32) ಆಗಿದ್ದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಮೂರು ಗಂಟೆಯ ಎಂಟು ಟ್ರ್ಯಾಕಿಗೆ ಸುಮಾರು 12.5 ಜಿಬಿ ಜಾಗ ಬೇಕು. ಹಿಂದಿನ ದಿನವೇ ಎಂಟೂ ಟ್ರ್ಯಾಕ್ ಹಾಕಿ ಒಂದು ಗಂಟೆ ಸುಮ್ನೆ ಓಡಿಸಿ ನೋಡಿ.