ಸಾಯದ ಅಜ್ಜಿಗೆ ಒಂದು ಬಾಳೆಗಿಡ

ಸಾವೇ ಬರದ ಅಜ್ಜಿಯೊಬ್ಬಳ ಕಥೆ ಬರೆಯಲು ಹೊರಟು ಎರಡು ವರ್ಷ ಒದ್ದಾಡಿದೆ. ಇದ್ದದ್ದು ಹದಿನಾಲ್ಕೇ ಪುಟ. ಮೊದಲ ಕರಡಿನಲ್ಲಿ ಆರದ ದೀಪ ಇತ್ತು, ಬತ್ತದ ಹೊಳೆ ಇತ್ತು, ಕಾಲಚಕ್ರವಂತೂ ಮೂರು ಸಲ ಉರುಳಿತ್ತು. ಧ್ರುವ ನಕ್ಷತ್ರ ಕೂಡ ಒಂದು ಕಡೆ ಇಣುಕಿತ್ತು. ಓದಿದ ಗೆಳತಿ, 'ಚೆನ್ನಾಗಿದೆ ಕಣೋ, ಶ್ರದ್ಧಾಂಜಲಿ ಜಾಹೀರಾತಿಗೆ ಹೇಳಿ ಮಾಡಿಸಿದ ಹಾಗಿದೆ' ಅಂದಳು. ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ನಿಜ ಅಲ್ವಾ?

ಅಶ್ವತ್ಥಾಮನನ್ನು ನೆನಪು ಮಾಡಿಕೊಂಡೆ. ಅವನನ್ನು ಚಿರಂಜೀವಿ ಅಂತೀವಿ, ಆದರೆ ಕೃಷ್ಣನ ಶಾಪಕ್ಕೆ 3,000 ವರ್ಷ ಅಂತ ಗಡುವಿದೆ. ಇರಲಿ. ಆ ಶಾಪದಲ್ಲಿ ನನ್ನನ್ನು ಹಿಡಿದದ್ದು ವರ್ಷಗಳ ಲೆಕ್ಕವಲ್ಲ, ಅವನ ಮೈಯಿಂದ ಬರುವ ಕೀವು ರಕ್ತದ ನಾತ. ಆ ನಾತ ಮೂಗಿಗೆ ಬಡಿದ ಮೇಲೆ ಅಮರತ್ವ ಅಂದರೇನು ಅಂತ ಯಾರೂ ವಿವರಿಸಬೇಕಿಲ್ಲ. ನನ್ನ ದೀಪ, ಹೊಳೆ, ಚಕ್ರಗಳಿಗೆ ನಾತವೇ ಇರಲಿಲ್ಲ.

ಹಾಗಾಗಿ ಮೈ ಇರುವ ಒಂದು ಉಪಮೆ ಬೇಕಾಯಿತು. ಆಲದ ಮರ ಮೊದಲು ಹೊಳೆಯಿತು. ಕೋಲ್ಕತ್ತ ಬಳಿಯ ಸಸ್ಯೋದ್ಯಾನದಲ್ಲಿ ದೊಡ್ಡದೊಂದು ಆಲವಿದೆ. ಶಿಲೀಂಧ್ರ ತಗುಲಿ ಕೊಳೆತ ಅದರ ನಡುಗಾಂಡವನ್ನು 1925ರಲ್ಲಿ ಕಡಿದು ತೆಗೆದರು. ಮರ ಮಾತ್ರ ಬಿಳಲುಗಳ ಮೇಲೆ ಇಂದಿಗೂ ನಿಂತಿದೆ. ಎಂಥ ಚಿತ್ರ! ಒಂದು ತಿಂಗಳು ಅದರ ಹಿಂದೆಯೇ ಬಿದ್ದೆ. ಕೊನೆಗೆ ಬಿಟ್ಟೆ. ಮರ ತೀರಾ ದೊಡ್ಡದಾಯಿತು, ಅದರ ಪಕ್ಕ ಅಜ್ಜಿ ಸ್ಮಾರಕದ ಹಾಗೆ ಕಾಣತೊಡಗಿದಳು. ನನಗೆ ಬೇಕಿದ್ದದ್ದು ಸೊಂಟ ನೋವಿರುವ ಅಜ್ಜಿ.

ಬಾಳೆ ಕರಡಿನಲ್ಲಿ ಆಗಲೇ ಇತ್ತು, ಆದರೆ ತಪ್ಪು ಜಾಗದಲ್ಲಿ. ಸಾಯುವ ಮಗನಿಗೆ ಅದನ್ನು ಹೋಲಿಸಿದ್ದೆ. ಗೊನೆ ಬಿಟ್ಟ ಮೇಲೆ ಗಿಡ ಬೀಳುತ್ತದೆ, ಪಕ್ಕದಲ್ಲಿ ಕಂದು ಏಳುತ್ತದೆ, ತಾಯಿ ಹೋಗಿ ಮಗು ಬಂತು ಅಂತ. ಎಲ್ಲರೂ ಹೇಳುವುದೇ. ಸುಮ್ನೆ ಖಾತ್ರಿಗೆ ಅಂತ ಬಾಳೆಯ ಬಗ್ಗೆ ಓದತೊಡಗಿದೆ. ಓದಿದರೆ ನನ್ನ ಉಪಮೆಯೇ ತಲೆಕೆಳಗಾಯಿತು.

ನಾವು ಬಾಳೆಯ ಕಾಂಡ ಅನ್ನುವುದು ಕಾಂಡವೇ ಅಲ್ಲ, ಒಂದಕ್ಕೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಕಂದು ಏಳುವುದು ಅದರಿಂದಲೇ. ಅಂದರೆ ಕಂದು ಬೇರೆ ಜೀವವಲ್ಲ, ಅದೇ ಗಿಡ ಇನ್ನೊಮ್ಮೆ ತಲೆಯೆತ್ತಿದ್ದು. ತೋಟದ ಬಾಳೆಯಲ್ಲಿ ಬೀಜ ಕಟ್ಟುವುದಿಲ್ಲ. ಮನುಷ್ಯರು ಕಂದು ಕಿತ್ತು ನೆಡುತ್ತಾ ಬಂದದ್ದರಿಂದ ಅದೇ ಗಿಡ ಊರಿಂದ ಊರಿಗೆ ನಡೆದಿದೆ. ಬಾಳೆ ಮಗನಲ್ಲ, ಅಜ್ಜಿ!

ಸಾಯದಿರುವುದಕ್ಕೆ ತೆರಬೇಕಾದ ಬೆಲೆಯೂ ಅಲ್ಲೇ ಸಿಕ್ಕಿತು. ಗ್ರೋ ಮಿಶೆಲ್ ಅನ್ನುವ ತಳಿ 1950ರ ದಶಕದವರೆಗೂ ಜಗತ್ತಿನ ಬಾಳೆ ವ್ಯಾಪಾರವನ್ನು ಆಳಿತ್ತು. ಗಿಡಗಳೆಲ್ಲ ಒಂದೇ ಅಚ್ಚು. ಪನಾಮ ರೋಗದ ಶಿಲೀಂಧ್ರ ಮಣ್ಣಿಗೆ ಬಂದಾಗ ಒಂದಕ್ಕೆ ತಡೆಯಲಾಗದ್ದು ಯಾವುದಕ್ಕೂ ತಡೆಯಲಾಗಲಿಲ್ಲ. ಅದರ ಜಾಗಕ್ಕೆ ಬಂದ ಕ್ಯಾವೆಂಡಿಷ್ ಹಿಂದೆ ಈಗ ಅದೇ ರೋಗದ ಇನ್ನೊಂದು ಬಗೆ ಬಿದ್ದಿದೆ. ಬೀಜದಿಂದ ಹುಟ್ಟುವ ಗಿಡ ಪ್ರತಿ ಸಲ ಸ್ವಲ್ಪ ಬೇರೆಯಾಗಿ ಹುಟ್ಟುತ್ತದೆ. ಬಾಳೆಗೆ ಆ ಅವಕಾಶವೇ ಇಲ್ಲ.

ಆಮೇಲೆ ಕಥೆ ತಾನಾಗಿ ಸರಿಯಿತು. ಅಜ್ಜಿಗೆ ಒಂದು ಗುದ್ದಲಿ ಕೊಟ್ಟೆ. ಮದುವೆಯಾಗಿ ಹೋಗುವ ಪ್ರತಿ ಮೊಮ್ಮಗಳ ಕೈಗೂ ಅವಳು ಒಂದು ಕಂದು ಕೊಡುತ್ತಾಳೆ. ದೀಪ, ಹೊಳೆ, ಚಕ್ರ ಎಲ್ಲಕ್ಕೂ ಕತ್ತರಿ ಬಿತ್ತು. 'ಅಮರ' ಅನ್ನುವ ಪದವನ್ನು ಪೂರ್ತಿ ತೆಗೆದೆ. 'ಸಾವು' ಮೂವತ್ತೊಂದು ಸಲ ಇತ್ತು, ಎರಡು ಉಳಿಯಿತು. ಬಾಳು, ಬಾಳೆ ಅಂತ ಪ್ರಾಸ ಕಟ್ಟುವ ಆಸೆಯನ್ನು ಮಾತ್ರ ಕಷ್ಟಪಟ್ಟು ತಡೆದುಕೊಂಡೆ. ಭಾಷೆಯೇ ಪುಕ್ಕಟೆ ಕೊಡುವ ಇಂಥದ್ದರಲ್ಲಿ ನನಗೆ ಅನುಮಾನ ಜಾಸ್ತಿ. ಆದರೆ 'ಕಂದು' ಪದದ ಎದುರು ಸೋತೆ. ಅದು ಬಾಳೆಯ ಮರಿಯೂ ಹೌದು, ಬಾಡುವುದೂ ಹೌದು, ಬಣ್ಣವೂ ಹೌದು. ಅದನ್ನು ಯಾರ ಬಾಯಲ್ಲೂ ವಿವರಿಸದೆ, ಕತ್ತಿ ಬೀಳುವ ದೃಶ್ಯದಲ್ಲಿಟ್ಟೆ:

'ಎಲೆ ಅಂಚಿನಿಂದ ಹಳದಿಯಾಗಿತ್ತು. ಮೊಮ್ಮಗಳು ಗಿಡವನ್ನು ಅಡ್ಡ ಕಡಿದಳು. ಬೆಳ್ಳಗಿರಬೇಕಾದ ಒಳಗೆ ಕಂದು ಚುಕ್ಕೆಗಳ ಉಂಗುರ. ಅಜ್ಜಿ ಬೆರಳಿಟ್ಟು ನೋಡಿದಳು, ಮೂಸಿದಳು. ಇನ್ನೊಂದನ್ನು ಕಡಿ ಅಂದಳು. ಅದರಲ್ಲೂ ಉಂಗುರ.'

ಮೊದಲ ಕರಡಿನಲ್ಲಿ ಇದೇ ಜಾಗದಲ್ಲಿ ಅಜ್ಜಿ, ತನಗೆ ಸಾವು ಯಾಕೆ ಬರುತ್ತಿಲ್ಲ ಅಂತ ಒಂದೂವರೆ ಪುಟ ಅಳುತ್ತಿದ್ದಳು. ಈಗ ಅವಳಿಗೆ ಒಂದೇ ಮಾತು. ಕಾಡುಬಾಳೆಯಲ್ಲಿ ಗಟ್ಟಿಯಾದ ಬೀಜ ಇರುತ್ತದೆ ಅನ್ನುವುದು ಹಿಂದಿನ ಪುಟದಲ್ಲಿ ಎಲ್ಲೋ ಬಂದು ಹೋಗಿರುತ್ತದೆ. ಅವಳು ಗುದ್ದಲಿ ಒರಗಿಸಿ ಕೂತು ಮೊಮ್ಮಗಳಿಗೆ ಹೇಳುತ್ತಾಳೆ: 'ಬೀಜ ಇರೋ ಬಾಳೆ ಎಲ್ಲಾದ್ರೂ ಸಿಗುತ್ತಾ ನೋಡು ಮಗಾ.'

ಗೆಳತಿ ಇದನ್ನು ಓದಿ ಆ ಸಾಲಿನಲ್ಲಿ ನಿಂತಳು. 'ಕೇಳೇಬಿಟ್ಟಳಲ್ಲೋ' ಅಂದಳು. ಏನನ್ನು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.